ನಿಂಬೆಹಣ್ಣಿನ ಮೇಲೆ ಹತ್ತು ಟನ್

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನನ್ನ ಹೆಂಡತಿ ಹೇಳುವುದುಂಟು. ಅದು ಸುಳ್ಳು. ಮೂಗಿನ ತುದಿಯಲ್ಲಿ ಕೂರುವಷ್ಟು ಪುರುಸೊತ್ತು ಅದಕ್ಕೆಲ್ಲಿದೆ, ನೇರ ಬಾಯಿಗೇ ಬರುತ್ತದೆ. ಆ ಬಾಯಿಂದ ನಾನು ಕಳೆದುಕೊಂಡವರು ಬಹಳ ಜನ. ಕಳೆದುಕೊಳ್ಳುವುದರಲ್ಲಿದ್ದು, ಒಂದು ಚಮಚದ ದೆಸೆಯಿಂದ ಉಳಿದುಕೊಂಡವರು ಒಬ್ಬರೇ. ಅವರ ವಿಷಯ ಇದು.

ತೊಂಬತ್ತರ ದಶಕದ ನಡುವಿನ ಮಾತು. ಬನಶಂಕರಿ ಎರಡನೇ ಹಂತದ ಒಂದು ಮಹಡಿ ಮನೆಯಲ್ಲಿ ಬಾಡಿಗೆಗಿದ್ದೆವು. ನಾನು ಕಾರ್ಖಾನೆಯೊಂದರಲ್ಲಿ ನಕ್ಷೆ ಎಳೆಯುವ ಡ್ರಾಫ್ಟ್ಸ್‌ಮನ್. ದಿನವಿಡೀ ಬೇರೆಯವರು ಮಾಡುವ ಯಂತ್ರಗಳ ನಕ್ಷೆ ಬರೆದು ಬಂದು, ಸಂಜೆ ನಮ್ಮ ಬಾಲ್ಕನಿಯಲ್ಲಿ ಕೂತು ನನ್ನ ವಾಹನಗಳನ್ನು ಮಾಡುತ್ತಿದ್ದೆ. ಬಸ್ಸು, ಲಾರಿ, ಜೀಪು, ಟ್ರ್ಯಾಕ್ಟರು. ಅಂಗಡಿಯಿಂದ ಡಬ್ಬಿ ತಂದು ಒಳಗಿನ ತುಂಡುಗಳನ್ನು ಅಂಟಿಸುವ ಮಕ್ಕಳಾಟವಲ್ಲ. ತಗಡು ಕತ್ತರಿಸಿ, ಬಗ್ಗಿಸಿ, ಬೆಸುಗೆ ಹಾಕಿ, ಚಕ್ರದ ಬೋಲ್ಟಿನಿಂದ ಹಿಡಿದು ಎಲ್ಲವನ್ನೂ ಕೈಯಲ್ಲೇ ಮಾಡುವುದು. ನನ್ನ ಲಾರಿಯ ಬಾಗಿಲು ತೆಗೆದರೆ ಡ್ರೈವರ್ ಸೀಟಿನ ಹರಿದ ರೆಕ್ಸಿನ್ ಸಹ ಕಾಣುತ್ತಿತ್ತು. ಮನೆಗೆ ಬಂದವರು ಅದನ್ನು ನೋಡಿ 'ಅಬ್ಬಬ್ಬಾ' ಅನ್ನಬೇಕು. ಅನ್ನದಿದ್ದವರಿಗೆ ಎರಡನೇ ಲೋಟ ಕಾಫಿ ಇಲ್ಲ.

ತಗಡಿಗೆ ನನ್ನ ಖಾಯಂ ಜಾಗ ಹನುಮಂತನಗರದ ಒಂದು ಗುಜರಿ ಅಂಗಡಿ. ಆಗ ಅಚ್ಚುಮನೆಗಳೆಲ್ಲ ಹಳೆಯ ಸೀಸದ ಅಚ್ಚುಮೊಳೆ ಬಿಟ್ಟು ಆಫ್‌ಸೆಟ್ ಮುದ್ರಣಕ್ಕೆ ಹೊರಳುತ್ತಿದ್ದ ಕಾಲ. ಅವರು ಬಳಸಿ ಬಿಸಾಡಿದ ತೆಳು ಅಲ್ಯೂಮಿನಿಯಂ ಹಾಳೆಗಳು ಕಟ್ಟುಕಟ್ಟಾಗಿ ಆ ಗುಜರಿಗೆ ಬರುತ್ತಿದ್ದವು. ಮನೆಯ ಕತ್ತರಿಗೇ ಬಗ್ಗುವ ಹಾಳೆ. ನನ್ನಂಥವನಿಗೆ ಚಿನ್ನ.

ಒಂದು ಶನಿವಾರ ಅಂಥ ಒಂದು ಕಟ್ಟಿನ ಮೇಲೆ ಕೈ ಇಟ್ಟೆ. ಅದೇ ಗಳಿಗೆಗೆ ಇನ್ನೊಂದು ಕೈಯೂ ಬಂದು ಅದರ ಮೇಲೆ ಕೂತಿತು. ನೋಡಿದರೆ ಅರವತ್ತರ ಆಸುಪಾಸಿನ ಒಬ್ಬರು, ಹೆಗಲ ಮೇಲೆ ಟವೆಲ್ಲು, ಕಪ್ಪು ಮೈ, ಅಗಲ ಭುಜ.

"ಅದು ನಂದು ಸಾರ್. ಬೆಳಗ್ಗೇನೇ ಬಂದು ಹೇಳೋಗಿದೀನಿ," ಎಂದರು.

"ಹೇಳೋಗ್ಬಿಟ್ರೆ ಆಗೋಯ್ತಾ? ಮೊದ್ಲು ಕೈ ಇಟ್ಟೋರ್ದು ಮಾಲು," ಎಂದು ನಾನು ಗದರಿದೆ.

ಅವರ ಕೈ ನಡುಗಲು ಶುರುವಾಯಿತು. ಕೈಯ ಕೆಳಗಿನ ಹಾಳೆಗಳು ಪಟಪಟ ಅಂದವು. ನನ್ನ ದನಿಗೇ ಹೆದರಿದರೆಂದುಕೊಂಡು, ಸುಳ್ಳೇಕೆ ಹೇಳಲಿ, ಸ್ವಲ್ಪ ಬೀಗಿದೆ ಕೂಡ. ಆದರೆ ಮುಖ ನೋಡಿದರೆ ಅವರು ನಗುತ್ತಿದ್ದರು. ಗುಜರಿಯವನು ಒಳಗಿಂದಲೇ, "ಅರ್ಧ ಅರ್ಧ ತಗೊಂಡೋಗಿ ಸಾರ್. ಇಬ್ರಿಗೂ ಇರೋದು ಒಂದೇ ಹುಚ್ಚು," ಎಂದು ಕೂಗಿದ.

"ನೀವೇನ್ ಮಾಡ್ತೀರಾ ಇದ್ರಲ್ಲಿ?" ಎಂದು ಅವರು ಕೇಳಿದರು.

"ಲಾರಿ, ಬಸ್ಸು."

"ಹೌದಾ! ನಾನು ಬೀದಿ ಮಾಡ್ತೀನಿ."

ಬೀದಿ ಮಾಡುವುದೆಂದರೇನು ಎಂದು ತಿಳಿಯದೆ ನನಗೆ ನಿದ್ದೆ ಬರಲಿಲ್ಲ. ಮಾರನೇ ದಿನವೇ ಕತ್ರಿಗುಪ್ಪೆಯ ಅವರ ಮನೆಗೆ ಹೋದೆ. ಮೇಲಿನ ಕೋಣೆಯಲ್ಲಿ, ಎರಡು ಮಂಚ ಜೋಡಿಸಿದಷ್ಟು ಉದ್ದದ ಹಲಗೆಯ ಮೇಲೆ, ಜಯನಗರದ ಒಂದು ಬೀದಿ ಮಲಗಿತ್ತು. ಕಾಂಪೌಂಡು, ಗೇಟು, ದೀಪದ ಕಂಬ, ಮೂಲೆಯ ಬೇಕರಿ, ಸಂಪಿಗೆ ಮರ. ಮನೆಗಳು ಸ್ವಲ್ಪ ಸೊಟ್ಟಗಿದ್ದವು, ಕಿಟಕಿಗಳು ಒಂದರಂತೆ ಒಂದಿರಲಿಲ್ಲ. ರಸ್ತೆ ಮಾತ್ರ! ನಡುವೆ ಹದವಾದ ಉಬ್ಬು, ಎರಡೂ ಬದಿಗೆ ನೀರು ಹರಿಯುವಂಥ ಇಳಿಜಾರು, ಜಲ್ಲಿಪುಡಿಗೆ ಟಾರು ಕಲಸಿ ಒತ್ತಿದ ಕರಿಮೈ. ಅಂಥ ರಸ್ತೆಯನ್ನು ನಾನು ನಿಜವಾದ ಬೆಂಗಳೂರಿನಲ್ಲೂ ನೋಡಿರಲಿಲ್ಲ. ನಾನೇ 'ಅಬ್ಬಬ್ಬಾ' ಅಂದೆ.

ಅವರು ರಸ್ತೆ ಗುತ್ತಿಗೆದಾರರೊಬ್ಬರ ಬಳಿ ಇಪ್ಪತ್ತಾರು ವರ್ಷ ರೋಡ್ ರೋಲರ್ ಓಡಿಸಿದವರು. ಜಯನಗರ, ಜೆ.ಪಿ. ನಗರ, ಬನಶಂಕರಿ, ಎಲ್ಲ ಕಡೆ ಟಾರು ಕೂರಿಸಿದವರು. "ಇಲ್ಲೇ ನಮ್ಮಪ್ಪನ್ ರಾಗಿ ಹೊಲ ಇತ್ತು. ಲೇಔಟ್ ಆದ್ಮೇಲೆ ಅದ್ರ ಮೇಲೂ ನಾನೇ ರೋಲರ್ ಓಡ್ಸಿದೀನಿ ಸಾರ್. ಬೇರೆಯೋನ್ ಕೈಲಿ ಓಡ್ಸಿದ್ರೆ ಸರಿಯಾಗಿ ಕೂರ್ತಿತ್ತಾ?" ಎಂದರು. ಹೊಲ ಹೋದದ್ದಕ್ಕಿಂತ, ರಸ್ತೆ ಸರಿಯಾಗಿ ಕೂತದ್ದು ಅವರಿಗೆ ಮುಖ್ಯವಾಗಿದ್ದಂತಿತ್ತು.

ಕೈ ನಡುಗುವುದೂ ಅದರಿಂದಲೇ. ಅಷ್ಟು ವರ್ಷ ಎಂಜಿನ್ನಿನ ನಡುಕ ಕೈಗೆ ಹತ್ತಿ ಹತ್ತಿ, ಎಂಜಿನ್ ನಿಂತ ಮೇಲೂ ಕೈ ನಿಲ್ಲಲಿಲ್ಲ. ಹಾಗಾಗಿ ಅವರ ಸಲಕರಣೆಗಳೆಲ್ಲ ವಿಚಿತ್ರ. ಸಣ್ಣ ಗರಗಸದ ಹಿಡಿಗೆ ಸೀಸದ ಪಟ್ಟಿ ಸುತ್ತಿದ್ದರು. ಬಣ್ಣದ ಕುಂಚಕ್ಕೆ ಒಂದು ಕಬ್ಬಿಣದ ಸರಳು ಕಟ್ಟಿದ್ದರು. ಕಾಲು ಕೆ.ಜಿ. ಕುಂಚ ನೋಡಿ ನನಗೆ ನಗು ತಡೆಯಲಾಗಲಿಲ್ಲ.

"ನಗ್ಬೇಡಿ ಸಾರ್. ಭಾರ ಇದ್ರೆ ಕೈ ಸುಮ್ನಿರ್ತದೆ. ಹಗುರ ಆದ್ರೆ ಕುಣೀತದೆ," ಎಂದರು.

ಹೀಗೆ ಶುರುವಾಯಿತು ನಮ್ಮ ಸ್ನೇಹ. ನಾನು ಅವರನ್ನು ಯಜಮಾನ್ರೇ ಎನ್ನುತ್ತಿದ್ದೆ, ಅವರು ನನ್ನನ್ನು ಸಾರ್ ಎನ್ನುತ್ತಿದ್ದರು. ಭಾನುವಾರ ಭಾನುವಾರ ಹೋಗಿ ಅವರ ಬೀದಿಗೆ ಒಂದು ಲೆಟರ್ ಬಾಕ್ಸೋ ಒಂದು ಸೈಕಲ್ಲೋ ಮಾಡಿಕೊಟ್ಟು, ರಾಗಿಮುದ್ದೆ ಬಸ್ಸಾರು ಉಂಡು ಬರುತ್ತಿದ್ದೆ.

ಗೌರಿ ಹಬ್ಬಕ್ಕೆ ಇನ್ನೂ ಒಂದು ತಿಂಗಳಿದ್ದಾಗ ಒಂದು ದಿನ, "ನಂಗೆ ನನ್ ರೋಲರ್ ಮಾಡ್ಕೊಡ್ತೀರಾ ಸಾರ್?" ಎಂದು ಕೇಳಿದರು.

"ಅದಕ್ಕೇನು, ನಿಮ್ ಬೀದಿ ಅಳತೆಗೆ ಅಂಗೈಯಷ್ಟಾಗುತ್ತೆ. ಒಂದು ವಾರದ ಕೆಲಸ."

"ಬೀದಿಗಲ್ಲ ಸಾರ್. ಪೂಜೆಗೆ. ದೊಡ್ಡದಾಗಿರ್ಬೇಕು."

ಆಮೇಲೆ ವಿಷಯ ಹೇಳಿದರು. ಪ್ರತಿ ವರ್ಷ ಆಯುಧಪೂಜೆಯ ದಿನ ರೋಲರ್ ತೊಳೆದು, ಬಾಳೆಕಂದು ಕಟ್ಟಿ, ಚಕ್ರದ ಕೆಳಗೆ ನಿಂಬೆಹಣ್ಣಿಟ್ಟು, ಇವರೇ ಮೇಲೆ ಕೂತು ಅದರ ಮೇಲೆ ಹಾಯಿಸುತ್ತಿದ್ದರು. ಇಪ್ಪತ್ತೈದು ವರ್ಷ ಒಂದು ಸಲವೂ ತಪ್ಪಿರಲಿಲ್ಲ. ಇವರು ಕೆಲಸ ಬಿಟ್ಟ ವರ್ಷ, ಹಬ್ಬಕ್ಕೆ ಇನ್ನು ನಾಲ್ಕು ದಿನ ಇದ್ದಾಗ, ಗುತ್ತಿಗೆದಾರರು ರೋಲರನ್ನು ತೂಕಕ್ಕೆ ಮಾರಿಬಿಟ್ಟರು. ಇವರು ಹೂವು ಹೇಳಿ ಬಂದಿದ್ದರು. ಹೂವು ಬಂತು, ರೋಲರ್ ಇರಲಿಲ್ಲ.

"ನಾಲ್ಕು ದಿನ ತಡೆದಿದ್ರೆ ಏನಾಗ್ತಿತ್ತು ಸಾರ್? ಮನೆ ಮಗಳನ್ನ ಅರಿಶಿನ ಕುಂಕುಮ ಕೊಡ್ದೇ ಕಳ್ಸಿದಂಗಾಯ್ತು. ಆಗಿಂದ ಆಯುಧಪೂಜೆ ಅಂದ್ರೆ ನಂಗೆ ಅನ್ನ ಇಳಿಯಲ್ಲ. ಒಂದೇ ಒಂದು ಸಲ, ಅದ್ರ ಹೆಸರಲ್ಲಿ ಒಂದು ನಿಂಬೆಹಣ್ಣು ಒಡೆದ್ರೆ ಸಾಕು. ಈ ಕೈಲಿ ನಾನು ಬೆಸುಗೆ ಹಾಕಕ್ಕಾಗಲ್ಲ. ನೀವು ಮಾಡ್ಕೊಡಿ."

ಒಪ್ಪಿಕೊಂಡೆ. ಒಪ್ಪಿಕೊಂಡವನ ಕಿವಿಗೆ ಬಿದ್ದದ್ದು 'ರೋಲರ್' ಎಂಬ ಮಾತು ಮಾತ್ರ. ನಿಂಬೆಹಣ್ಣಿನ ವಿಷಯ ಈ ಕಿವಿಯಲ್ಲಿ ಬಂದು ಆ ಕಿವಿಯಲ್ಲಿ ಹೋಯಿತು.

ಅಳತೆ ನಿಗದಿ ಮಾಡಿದೆ. ಅಸಲಿನ ಒಂದು ಅಡಿಗೆ ನನ್ನದರಲ್ಲಿ ಒಂದೂವರೆ ಇಂಚು, ಅಂದರೆ ಎಂಟರಲ್ಲೊಂದು ಪಾಲು. ಹದಿನಾರು ಅಡಿಯ ರೋಲರ್ ಎರಡು ಅಡಿ ಆಗುತ್ತದೆ. ಅಷ್ಟು ದೊಡ್ಡದನ್ನು ನಾನು ಹಿಂದೆ ಮಾಡಿರಲಿಲ್ಲ. ಜೆ.ಪಿ. ನಗರದ ಒಂದು ಖಾಲಿ ಸೈಟಿನಲ್ಲಿ ಅದೇ ಜಾತಿಯ ರೋಲರ್ ಒಂದು ಹುಲ್ಲು ಬೆಳೆದು ನಿಂತಿತ್ತು. ಇಬ್ಬರೂ ಹೋದೆವು. ನಾನು ಟೇಪು ಹಿಡಿದು ಅಳೆದೆ. ಯಜಮಾನರು ಮೇಲೆ ಹತ್ತಿ ಕೂತು, ಇಲ್ಲದ ಸ್ಟೀರಿಂಗು ಹಿಡಿದು, "ಇಲ್ಲಿ ನೀರಿನ್ ಡಬ್ಬ ಇಡ್ತಿದ್ದೆ, ಇಲ್ಲಿ ಒದ್ದೆ ಗೋಣಿ. ಚಕ್ರಕ್ಕೆ ಟಾರ್ ಅಂಟಿದ್ರೆ ಒರ್ಸಕ್ಕೆ," ಎಂದು ಹೇಳುತ್ತಾ ಹೋದರು. ಮನೆಗೆ ಬಂದು ಹನ್ನೊಂದು ನಕ್ಷೆ ಬರೆದೆ.

ಆಯುಧಪೂಜೆಯವರೆಗಿನ ಆ ಎರಡು ತಿಂಗಳು ನಮ್ಮ ಬಾಲ್ಕನಿಗೆ ಕಾಲಿಡಲು ಜಾಗವಿರಲಿಲ್ಲ. ಮುಂದಿನ ಉರುಳೆಗೆ ಹಾಲಿನ ಪುಡಿಯ ಎರಡು ದೊಡ್ಡ ಡಬ್ಬ, ತಳಕ್ಕೆ ತಳ ತಾಗುವಂತೆ ಜೋಡಿಸಿ. ಹಿಂದಿನ ಚಕ್ರಗಳಿಗೆ, ಮುಚ್ಚಿಹೋದ ಬೇಕರಿಯೊಂದರಿಂದ ತಂದ ಕೇಕಿನ ದುಂಡು ತಟ್ಟೆ. ಎಂಜಿನ್ನಿನ ಪೆಟ್ಟಿಗೆ ಸೀಮೆಎಣ್ಣೆ ಡಬ್ಬದ ತಗಡಿನದು. ಮೇಲಿನ ಚಾವಣಿ ಅದೇ ಆಫ್‌ಸೆಟ್ ಹಾಳೆಯದು. ಬಗ್ಗಿ ನೋಡಿದರೆ ಅದರ ಒಳಮೈಯಲ್ಲಿ ಯಾರದೋ ಮದುವೆಯ ಕರೆಯೋಲೆ ಮಸುಕಾಗಿ ಕಾಣುತ್ತಿತ್ತು. ಖಾಲಿ ರೀಫಿಲ್ಲಿನ ತುದಿಯಿಂದ ಹಿಂಬದಿಯಲ್ಲಿ ಒತ್ತಿ ಒತ್ತಿ ನಾನ್ನೂರು ರಿವೆಟ್ಟು ಎಬ್ಬಿಸಿದೆ. ಎಂಜಿನ್ನಿನ ಮುಚ್ಚಳ ತೆರೆದರೆ ಒಳಗೆ ಫ್ಯಾನ್ ಬೆಲ್ಟು ಕೂಡ ಇತ್ತು.

ಯಜಮಾನರು ವಾರಕ್ಕೊಮ್ಮೆ ಬಂದು, ನೋಡಿ, ಸಂತೋಷಪಟ್ಟು, ಕೊನೆಗೆ ಒಂದೇ ಪ್ರಶ್ನೆ ಕೇಳುತ್ತಿದ್ದರು. "ತೂಕ ಎಷ್ಟಾಯ್ತು ಸಾರ್?"

"ಇದೇನು ಈರುಳ್ಳಿ ಮೂಟೆನಾ ಯಜಮಾನ್ರೇ, ತೂಕ ಕೇಳಕ್ಕೆ? ರಿವೆಟ್ ನೋಡಿ, ರಿವೆಟ್!"

ಒಮ್ಮೆ ಬರುವಾಗ ಟವೆಲ್ಲಿನಲ್ಲಿ ಸುತ್ತಿ ಒಂದು ಬೋಲ್ಟ್ ತಂದರು. ಮಗುವಿನ ಮುಷ್ಟಿಯಷ್ಟು ದಪ್ಪ ತಲೆಯದು, ತುಕ್ಕು ಹಿಡಿದದ್ದು. ಅವರ ರೋಲರಿನಿಂದ ಉಳಿದ ಒಂದೇ ವಸ್ತು. "ಇದನ್ನ ಒಳಗೆ ಎಲ್ಲಾದ್ರೂ ಹಾಕ್ಬಿಡಿ," ಎಂದರು.

"ಒಳಗೆ ಹಾಕಿದ್ರೆ ಯಾರಿಗ್ ಕಾಣುತ್ತೆ?" ಎಂದೆ. ನಾನು ಅದನ್ನು ನಕ್ಷೆಗಳು ಹಾರದಂತೆ ಮೇಲೆ ಇಟ್ಟುಕೊಂಡೆ. ಅಲ್ಲೇ ಉಳಿಯಿತು.

ಆಯುಧಪೂಜೆಯ ಬೆಳಗ್ಗೆ ನನ್ನ ಹೆಂಡತಿ ಮನೆಯ ಸಲಕರಣೆಗಳನ್ನೆಲ್ಲ ಮಣೆಯ ಮೇಲೆ ಸಾಲಾಗಿ ಜೋಡಿಸಿದಳು. ನನ್ನ ಕತ್ತರಿ, ಇಕ್ಕಳ, ಸುತ್ತಿಗೆ, ಬೆಸುಗೆಯ ಕಡ್ಡಿ, ಸ್ಕ್ರೂಡ್ರೈವರು, ಎಲ್ಲಕ್ಕೂ ಅರಿಶಿನ ಕುಂಕುಮ. ಕೆಳಗೆ ನನ್ನ ಸ್ಕೂಟರ್ ನಿಂಬೆಹಣ್ಣಿನ ಮೇಲೆ ಹಾಯ್ದು ಪಚಕ್ಕೆಂದಿತು. ಅದನ್ನು ನೋಡಿಯೂ ನನಗೆ ಏನೂ ಹೊಳೆಯಲಿಲ್ಲ. ಹಬ್ಬದ ಸೀರೆ ಉಟ್ಟ ಹೆಂಡತಿ ರೋಲರನ್ನು ತೊಡೆಯ ಮೇಲಿಟ್ಟುಕೊಂಡು ಹಿಂದೆ ಕೂತಳು. "ನೋಡು ಎಷ್ಟು ಹಗುರ!" ಎಂದು ದಾರಿಯುದ್ದಕ್ಕೂ ಜಂಬ ಕೊಚ್ಚಿಕೊಂಡೆ. ಬೀದಿಯ ತುಂಬ ಒಡೆದ ಬೂದುಗುಂಬಳದ ಹೋಳು. ಅದರ ಮೇಲೆ ಜಾರದಂತೆ ಹುಷಾರಾಗಿ ಹೋದೆವು.

ಯಜಮಾನರ ಅಂಗಳದಲ್ಲಿ ನೆರೆಹೊರೆಯವರು ಹತ್ತಿಪ್ಪತ್ತು ಜನ ಸೇರಿದ್ದರು. ಬಟ್ಟೆ ಒಗೆಯುವ ಕಲ್ಲಿನ ಪಕ್ಕದ ಚಪ್ಪಡಿಯ ಮೇಲೆ ರಂಗೋಲಿ ಹಾಕಿ, ಎರಡು ಪುಟ್ಟ ಬಾಳೆಕಂದು ನೆಟ್ಟಿದ್ದರು. ರೋಲರನ್ನು ಇಳಿಸಿದ ಕೂಡಲೇ 'ಅಬ್ಬಬ್ಬಾ' ಎಲ್ಲರ ಬಾಯಲ್ಲೂ ಬಂತು. ಯಜಮಾನರು ಚಾವಣಿಯ ಕಂಬ ಮುಟ್ಟಿದರು, ಸೀಟು ಮುಟ್ಟಿದರು, ಕಣ್ಣೊರೆಸಿಕೊಂಡರು. ಅವರ ಹೆಂಡತಿ ಆರತಿ ಎತ್ತಿದರು. ಯಜಮಾನರು ಚೆಂಡುಹೂವಿನ ಹಾರ ಹಾಕಿ, ಬಗ್ಗಿ, ಹಿಂದಿನ ಚಕ್ರಕ್ಕೆ ಒಂದು ಹಣ್ಣಾದ ನಿಂಬೆ ಕೊಟ್ಟು, ಎರಡೂ ಕೈಯಿಂದ ಮೆಲ್ಲಗೆ ತಳ್ಳಿದರು.

ನಿಂಬೆಹಣ್ಣು ಪುಟಕ್ಕನೆ ಜಾರಿ ಚರಂಡಿಯ ಕಡೆ ಓಡಿತು.

ಯಾರೋ ಹಿಡಿದು ತಂದರು. ಈ ಸಲ ಹಣ್ಣಿನ ಹಿಂದೆ ಒಂದು ಚೂರು ಇಟ್ಟಿಗೆ ಒತ್ತಿಟ್ಟು ತಳ್ಳಿದರು. ಚಕ್ರ ನಿಂಬೆಹಣ್ಣಿನ ಮೇಲೆ ಹತ್ತಿತು. ಹತ್ತಿ, ಅಲ್ಲೇ ಕೂತುಕೊಂಡಿತು. ಹಣ್ಣಿಗೆ ಒಂದು ಗೀರೂ ಬೀಳಲಿಲ್ಲ. ರೋಲರ್ ಒಂದು ಕಾಲೆತ್ತಿದ ನಾಯಿಯ ಹಾಗೆ ಓರೆಯಾಗಿ ನಿಂತಿತು.

"ಏನ್ ಗುರು, ರೋಲರ್‌ಗೇ ಜ್ಯಾಕ್ ಹಾಕ್ದಂಗಾಯ್ತು!" ಎಂದ ಪಕ್ಕದ ಮನೆಯವನು. ಎಲ್ಲರೂ ನಕ್ಕರು. ಕೆಟ್ಟ ನಗುವಲ್ಲ, ಹಬ್ಬದ ನಗು. ಆದರೆ ನನಗೆ ಮೈಯೆಲ್ಲ ಉರಿದುಹೋಯಿತು.

"ಅದು ಹೆಂಗ್ರೀ ಒಡೆಯುತ್ತೆ?" ಎಂದು ಕೂಗಿದೆ. "ಎಂಟರಲ್ಲೊಂದು ಪಾಲು ಇದು! ಅಳತೆ ಪ್ರಕಾರ ನಿಂಬೆಹಣ್ಣು ಮೆಣಸಿನಕಾಳಷ್ಟಿರ್ಬೇಕು. ಇಷ್ಟು ದೊಡ್ಡ ಹಣ್ಣಿಟ್ರೆ ಅಸಲಿ ರೋಲರ್‌ಗೆ ಬೂದುಗುಂಬಳ ಇಟ್ಟಂಗೆ!"

ಯಜಮಾನರು ಮೆಲ್ಲಗೆ, "ದೇವ್ರಿಗೂ ಅಳತೆ ಹೇಳ್ಕೊಡ್ತೀರಾ ಸಾರ್?" ಎಂದರು. ತಮಾಷೆಗೇ ಅಂದದ್ದು. "ಹೋಗ್ಲಿ ಬಿಡಿ. ನೋಡಕ್ಕೆ ಹಂಗೇ ಇದೆ, ಅಷ್ಟು ಸಾಕು. ತೂಕ ಒಂದು ಬೇಕಿತ್ತು."

ಆ ಕೊನೆಯ ಮಾತು ಸರಿಯಾದದ್ದು. ಸರಿಯಾದ ಮಾತು ಕೇಳಿದರೇ ನನಗೆ ಕೋಪ ಹೆಚ್ಚು.

"ಅಷ್ಟು ಗೊತ್ತಿದ್ರೆ ನೀವೇ ಮಾಡ್ಕೋಬಹುದಿತ್ತಲ್ಲ! ಕೈ ನೆಟ್ಟಗಿದ್ದಿದ್ರೆ!"

ಯಜಮಾನರು ಹೆಗಲ ಟವೆಲ್ಲು ತೆಗೆದು ಎರಡೂ ಕೈಗಳನ್ನು ಅದರೊಳಗೆ ಸುತ್ತಿಕೊಂಡರು. "ಅದೂ ನಿಜಾನೇ ಸಾರ್," ಎಂದರು. ನಾನು ಎಲೆಗೂ ಕೂರದೆ ಸ್ಕೂಟರ್ ಹತ್ತಿದೆ.

ಹಿಂದೆ ಕೂತು ಬಂದ ಹೆಂಡತಿ, ಮನೆಯಲ್ಲಿ ಚಪ್ಪಲಿ ಬಿಡುತ್ತಾ, "ಮೇಲೆ ಥಳಕು ಒಳಗೆ ಹುಳುಕು ಅಂತಾರಲ್ಲ, ಇವತ್ತು ಕಣ್ಣಾರೆ ನೋಡ್ದೆ," ಎಂದಳು.

"ನನ್ ರೋಲರ್‌ಗೆ ಹಂಗಂತೀಯಾ?"

"ರೋಲರ್ ವಿಷ್ಯ ಯಾರ್ ಮಾತಾಡಿದ್ರು?"

ಬಾಲ್ಕನಿಗೆ ಹೋಗಿ ಕೂತೆ. ಕೋಪ ಇಳಿಯಿತು. ಅದು ಇಳಿದ ಮೇಲೆ ಬರುವುದಿದೆಯಲ್ಲ, ಅದು ಕೋಪಕ್ಕಿಂತ ಕೆಟ್ಟದ್ದು. ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುತ್ತದೆಯೇ? ನನಗೆ ನಾಚಿಕೆಯಾಗಿತ್ತು, ಬಹಳ ನಾಚಿಕೆ. ಆ ಟವೆಲ್ಲು ಸುತ್ತಿದ ಕೈಗಳು ಕಣ್ಣ ಮುಂದಿನಿಂದ ಹೋಗಲಿಲ್ಲ. ಸುಮ್ಮನೆ ಕೂರಲಾರದೆ ಒಂದು ನಕ್ಷೆಯ ಅಂಚಿನಲ್ಲಿ ಲೆಕ್ಕ ಹಾಕಿದೆ. ಅಸಲಿ ರೋಲರ್ ಹತ್ತು ಟನ್. ಉದ್ದ ಎಂಟರಲ್ಲೊಂದು ಪಾಲು, ಅಗಲ ಎಂಟರಲ್ಲೊಂದು, ಎತ್ತರವೂ ಅಷ್ಟೇ. ಎಂಟು ಎಂಟಲ ಅರವತ್ನಾಲ್ಕು, ಅದರ ಎಂಟು ಪಟ್ಟು ಐನೂರ ಹನ್ನೆರಡು. ಹತ್ತು ಟನ್ನನ್ನು ಅದರಿಂದ ಭಾಗಿಸಿದರೆ ಹತ್ತೊಂಬತ್ತೂವರೆ ಕೆ.ಜಿ. ನನ್ನ ರೋಲರ್ ಇದ್ದದ್ದು ನಾಲ್ಕೇ ಕೆ.ಜಿ. ನಾನ್ನೂರು ರಿವೆಟ್ಟಿನ ಅಳತೆ ನೋಡಿದ್ದ ಮಹಾಶಯನಿಗೆ ತೂಕವೂ ಒಂದು ಅಳತೆ ಎಂದು ಹೊಳೆದಿರಲಿಲ್ಲ. ಅಳತೆಯಲ್ಲಿ ತಪ್ಪಿದ್ದು ನಿಂಬೆಹಣ್ಣಲ್ಲ, ನಾನು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.

ಗಂಟೆ ಮೂರಾಗಿತ್ತು. ಹಬ್ಬ ಇನ್ನೂ ಮುಗಿದಿರಲಿಲ್ಲ. ದಡದಡನೆ ದೇವರ ಕೋಣೆಗೆ ಹೋಗಿ ಮಣೆಯ ಮೇಲಿನ ಸ್ಕ್ರೂಡ್ರೈವರಿಗೆ ಕೈ ಹಾಕಿದೆ.

"ರೀ! ಮುಟ್ಟಬೇಡಿ!" ಹೆಂಡತಿ ಓಡಿ ಬಂದಳು. "ಪೂಜೆಗಿಟ್ಟಿದ್ದನ್ನ ನಾಳೆ ಬೆಳಗ್ಗೆವರೆಗೂ ಮುಟ್ಟೋ ಹಾಗಿಲ್ಲ ಅಂತ ಗೊತ್ತಿಲ್ವಾ?"

ಗೊತ್ತಿತ್ತು. ಹುಟ್ಟಿದಾಗಿನಿಂದ ಗೊತ್ತಿತ್ತು. ವರ್ಷವಿಡೀ ದುಡಿದ ಸಲಕರಣೆಗಳಿಗೆ ಅದೊಂದು ದಿನ ರಜ. ಆದರೆ ನಾಳೆ ಆಯುಧಪೂಜೆ ಇರುವುದಿಲ್ಲ. ಯಜಮಾನರ ರೋಲರ್ ಇನ್ನೊಂದು ವರ್ಷ ಪೂಜೆಯಿಲ್ಲದೆ ಉಳಿಯುತ್ತದೆ, ಅದೂ ನನ್ನಿಂದ. ಅಲ್ಲೇ ನೆಲದ ಮೇಲೆ ಕುಸಿದು ಕೂತು ಅವಳಿಗೆ ಎಲ್ಲ ಹೇಳಿದೆ. ಒಳಗೆ ಭಾರ ತುಂಬಬೇಕು, ಅದಕ್ಕೆ ಉರುಳೆ ಬಿಚ್ಚಬೇಕು, ಬಿಚ್ಚಲು ಸಲಕರಣೆ ಬೇಕು.

"ಆ ಉರುಳೆ ನಮ್ಮನೆ ಹಾಲಿನ ಪುಡಿ ಡಬ್ಬದ್ದು ತಾನೆ?" ಎಂದಳು.

"ಹೂಂ."

"ಆ ಮುಚ್ಚಳಾನ ನಾನು ದಿನಾ ಯಾವುದ್ರಲ್ಲಿ ತೆಗೀತಿದ್ದೆ?" ಅಡುಗೆಮನೆಗೆ ಹೋಗಿ ಒಂದು ಚಮಚ ತಂದು ನನ್ನ ಜೇಬಿಗೆ ತುರುಕಿದಳು. "ಇದನ್ನ ಪೂಜೆಗಿಟ್ಟಿಲ್ಲ. ಇಟ್ಟಿದ್ರೆ ಮಧ್ಯಾಹ್ನದ ಅಡುಗೆ ಹೆಂಗಾಗ್ತಿತ್ತು?"

ನಿಜವೇ. ಉರುಳೆಯ ಅಚ್ಚಿನ ಸರಳಿಗಿದ್ದದ್ದು ಕೈಯಲ್ಲೇ ಎಳೆಯಬಹುದಾದ ಒಂದು ಪಿನ್ನು. ಡಬ್ಬದ ಮುಚ್ಚಳಗಳು ಹೊರಬದಿಗೇ ಇದ್ದವು. ನಾನು ಹೊರಡುವಾಗ ಅವಳು ಮಣೆಯ ಮೂಲೆಯಿಂದ ಇನ್ನೊಂದು ವಸ್ತು ಎತ್ತಿಕೊಟ್ಟಳು. ಯಜಮಾನರ ಬೋಲ್ಟು. ಬೆಳಗ್ಗೆ ಅದಕ್ಕೂ ಕುಂಕುಮ ಇಟ್ಟಿದ್ದಳು. "ಇದು ನಿಮ್ ಆಯುಧ ಅಲ್ಲ. ಅವರ ಮನೆ ವಸ್ತು, ಅವರ ಪೂಜೆಗೇ ಸೇರ್ಲಿ."

ಹನುಮಂತನಗರದ ಗುಜರಿ ಅಂಗಡಿಯ ಬಾಗಿಲು ಅರ್ಧ ಎಳೆದಿತ್ತು. ಒಳಗೆ ಅಚ್ಚುಮನೆಗಳಿಂದ ಬಂದ ಹಳೆಯ ಸೀಸದ ಮೊಳೆಗಳ ಮೂಟೆಗಳಿದ್ದವು. ಒಂದೊಂದು ಮೊಳೆಯ ತಲೆಯ ಮೇಲೆ ಒಂದೊಂದು ಅಕ್ಷರ.

"ಹದಿನೈದು ಹದಿನಾರು ಕೆ.ಜಿ. ಬೇಕು," ಎಂದೆ.

"ಇವತ್ತು ತೂಗಲ್ಲ ಸಾರ್," ಎಂದು ಗುಜರಿಯವನು ತಕ್ಕಡಿ ತೋರಿಸಿದ. ಅದಕ್ಕೂ ಹಾರ, ಅದಕ್ಕೂ ಕುಂಕುಮ. ನನ್ನ ಮುಖ ನೋಡಿ ಅವನಿಗೇನನ್ನಿಸಿತೋ, "ತುಂಬ್ಕೊಂಡೋಗಿ. ತೂಕ ನಾಳೆ ಬಂದು ಹೇಳಿ," ಎಂದ. ಮಾರನೇ ದಿನ ಹೋದಾಗ "ಎಷ್ಟಿತ್ತು ಸಾರ್?" ಎಂದವನಿಗೆ "ಹತ್ತು ಟನ್" ಎಂದೆ. ತಲೆ ಕೆಟ್ಟವನ ಹತ್ತಿರ ವ್ಯವಹಾರ ಬೇಡವೆಂದು ಸುಮ್ಮನಾದ.

ಎರಡು ಚೀಲ ತುಂಬಿ ಸ್ಕೂಟರಿನ ಕಾಲಡಿ ಇಟ್ಟುಕೊಂಡು ಕತ್ರಿಗುಪ್ಪೆ ಸೇರುವಾಗ ಐದು ಗಂಟೆ. ಯಜಮಾನರು ಜಗಲಿಯ ಮೇಲೆ ಒಬ್ಬರೇ ಕೂತಿದ್ದರು. ಚಪ್ಪಡಿಯ ಮೇಲೆ ರೋಲರ್ ಬಾಡಿದ ಹಾರ ಹಾಕಿಕೊಂಡು ಹಾಗೇ ಇತ್ತು. ಪಕ್ಕದಲ್ಲಿ ಆ ನಿಂಬೆಹಣ್ಣು. ನನ್ನನ್ನು ನೋಡಿ ಅವರು ಎದ್ದರು. ಕೈಗಳು ಇನ್ನೂ ಟವೆಲ್ಲಿನಲ್ಲೇ ಇದ್ದವು.

ಕ್ಷಮೆ ಕೇಳುವುದನ್ನು ನಾನು ಕಲಿತವನಲ್ಲ. ಚಪ್ಪಡಿಯ ಮುಂದೆ ಕುಕ್ಕರಗಾಲಲ್ಲಿ ಕೂತು, ಪಿನ್ನು ಎಳೆದು ಉರುಳೆ ಬಿಚ್ಚಿ, ಜೇಬಿನಿಂದ ಚಮಚ ತೆಗೆದು ಅವರ ಮುಂದೆ ಹಿಡಿದೆ.

"ಮುಚ್ಚಳ ತೆಗೀರಿ ಯಜಮಾನ್ರೇ."

ಅವರು ಚಮಚ ನೋಡಿದರು, ಚೀಲ ನೋಡಿದರು. ಟವೆಲ್ಲು ಬಿಚ್ಚಿ ಪಕ್ಕಕ್ಕಿಟ್ಟು ಎದುರು ಕೂತರು. ಚಮಚ ಹಗುರ. ಡಬ್ಬದ ಅಂಚಿಗೆ ತಾಗಿ ಟಕಟಕ ಅನ್ನತೊಡಗಿತು. ಒಂದು ಸಲ ಜಾರಿತು, ಎರಡು ಸಲ ಜಾರಿತು, ನಾನು ವಾರವಿಡೀ ಹೊಡೆದ ಬಣ್ಣ ಚಕ್ಕೆಯೆದ್ದಿತು. ಬೇರೆ ದಿನವಾಗಿದ್ದರೆ ಕಿತ್ತುಕೊಂಡು ನಾನೇ ತೆಗೆದಿರುತ್ತಿದ್ದೆ. ಅವತ್ತು ಕೈಗಳನ್ನು ತೊಡೆಯ ಸಂದಿಯಲ್ಲಿ ಒತ್ತಿಕೊಂಡು ಕೂತೆ. ಬಹಳ ಹೊತ್ತಾಯಿತು. ಕೊನೆಗೆ ಮುಚ್ಚಳ ಟಪ್ಪೆಂದು ಎದ್ದಿತು. ಎರಡನೆಯದನ್ನೂ ಅವರೇ ತೆಗೆದರು.

ಸೀಸದ ಮೊಳೆಗಳನ್ನು ಮುಷ್ಟಿ ಮುಷ್ಟಿ ಎತ್ತಿ ತುಂಬತೊಡಗಿದರು. ಎಂಜಿನ್ ಪೆಟ್ಟಿಗೆಯ ಮುಚ್ಚಳ ತೆರೆದು, ಕೊನೆಯಲ್ಲಿ ಉಳಿದದ್ದನ್ನು ನಾನು ಅದರೊಳಗೆ ಸುರಿದೆ. ನನ್ನ ಫ್ಯಾನ್ ಬೆಲ್ಟು ಮುಚ್ಚಿಹೋಯಿತು. ಬೋಲ್ಟನ್ನು ಅವರ ಕೈಗೆ ಕೊಟ್ಟೆ. ಕುಂಕುಮ ನೋಡಿ, ಕಣ್ಣಿಗೊತ್ತಿಕೊಂಡು, ಅದನ್ನು ಎಲ್ಲದರ ಮೇಲೆ ಇಟ್ಟು ಮುಚ್ಚಳ ಹಾಕಿದರು. ಯಾರಿಗೂ ಕಾಣುತ್ತಿರಲಿಲ್ಲ.

ಡಬ್ಬಗಳ ಮುಚ್ಚಳ ಒತ್ತಿ, ಉರುಳೆ ಕೂರಿಸಿ, ಪಿನ್ನು ಹಾಕಿ, ರೋಲರನ್ನು ನೆಟ್ಟಗೆ ನಿಲ್ಲಿಸಲು ಇಬ್ಬರೂ ಸೇರಿ ಎತ್ತಬೇಕಾಯಿತು. ಅವರು ಮುಂದಿನ ಉರುಳೆಗೆ ನಿಂಬೆಹಣ್ಣು ಕೊಟ್ಟು, ಎರಡೂ ಅಂಗೈಯನ್ನು ಎಂಜಿನ್ನಿನ ಮೇಲೂರಿ ತಳ್ಳಿದರು. ಉರುಳೆಯೊಳಗೆ ಮೊಳೆಗಳು ಗಡಗಡ ಉರುಳಿದವು. ಅಸಲಿ ರೋಲರ್ ದೂರದ ಬೀದಿಯಲ್ಲಿ ಬರುವಾಗ ಕೇಳುವ ಸದ್ದೇ. ಅವರು ತಟ್ಟನೆ ತಲೆಯೆತ್ತಿ ನನ್ನನ್ನು ನೋಡಿದರು. ಆಮೇಲೆ ಇನ್ನೊಂದು ಚೂರು ಒತ್ತಿದರು. ಹಣ್ಣು ಒಂದು ಗಳಿಗೆ ತಡೆಯಿತು, ಚಪ್ಪಟೆಯಾಯಿತು, ಪಚಕ್ಕೆಂದು ಒಡೆಯಿತು. ಹುಳಿ ವಾಸನೆ ಅಂಗಳದ ತುಂಬ ಹರಡಿತು.

ಟವೆಲ್ಲನ್ನು ನೀರಿನಲ್ಲಿ ಅದ್ದಿ ತಂದು ಉರುಳೆಗೆ ಅಂಟಿದ ರಸ ಒರೆಸಿದರು. ಒರೆಸುತ್ತಾ, ನಾನು ಪಕ್ಕದಲ್ಲಿಲ್ಲವೇನೋ ಎಂಬಂತೆ, "ತಡ ಆಯ್ತು ಕಣಮ್ಮ. ಬೇಜಾರ್ ಮಾಡ್ಕೋಬೇಡ," ಎಂದರು.

ಆಗ ನಾನು ಬಾಯಿ ಬಿಟ್ಟೆ. "ಬೆಳಗ್ಗೆ ನಿಮ್ ಕೈ ಬಗ್ಗೆ ಅಂದಿದ್ದು ತಪ್ಪಾಯ್ತು ಯಜಮಾನ್ರೇ. ಅನ್ಬಾರ್ದಿತ್ತು."

ಅವರ ಎರಡೂ ಕೈ ಮತ್ತೆ ಎಂಜಿನ್ನಿನ ಮೇಲೆ ಇದ್ದವು. ಅವುಗಳನ್ನೇ ನೋಡುತ್ತಿದ್ದರು. ನಾನೂ ನೋಡಿದೆ. ಅಲುಗಾಡುತ್ತಿರಲಿಲ್ಲ.

"ಭಾರ ಸಿಕ್ತಲ್ಲ ಸಾರ್," ಎಂದರು. "ಸುಮ್ನಾಯ್ತು. ಏಳಿ, ಊಟ ಮಾಡಣ. ನಾನೂ ಮಾಡಿಲ್ಲ."